ಕ್ಷಯರೋಗ ಸಂಶೋಧನೆಯಲ್ಲಿ ಪುನಃಸಂಯೋಜಿತ ಪ್ರೋಟೀನುಗಳು

ಕ್ಷಯರೋಗ ಸಂಶೋಧನೆಯಲ್ಲಿ ಬಳಸುವ ಪುನಃಸಂಯೋಜಿತ ಪ್ರೋಟೀನುಗಳೆಂದರೆ, ಕ್ಷಯರೋಗಾಣುವಿನ ಒಂದು ಜೀನನ್ನು ಬೇರೊಂದು ನಿರುಪದ್ರವಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಆ ಬ್ಯಾಕ್ಟೀರಿಯಾದಿಂದಲೇ ತಯಾರಿಸಿಕೊಂಡು ಶುದ್ಧೀಕರಿಸಿದ ಪ್ರೋಟೀನುಗಳು. ಮೈಕೋಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್ ಎಂಬ ಈ ರೋಗಾಣು ಸುಮಾರು ನಾಲ್ಕು ಸಾವಿರ ಬಗೆಯ ಪ್ರೋಟೀನುಗಳನ್ನು ತಯಾರಿಸಬಲ್ಲದು. ಅವುಗಳಲ್ಲಿ ಒಂದೊಂದನ್ನೇ ಪ್ರತ್ಯೇಕವಾಗಿ, ರೋಗಾಣುವನ್ನು ಮುಟ್ಟದೆಯೇ, ಸಾಕಷ್ಟು ಪ್ರಮಾಣದಲ್ಲಿ ಪಡೆಯಲು ಈ ವಿಧಾನ ನೆರವಾಗುತ್ತದೆ. ರೋಗಪತ್ತೆಯ ಚರ್ಮಪರೀಕ್ಷೆ, ಔಷಧಗಳ ಕಾರ್ಯವಿಧಾನದ ಅಧ್ಯಯನ ಮತ್ತು ಹೊಸ ಲಸಿಕೆಗಳ ತಯಾರಿಕೆಯಲ್ಲಿ ಇವು ಬಳಕೆಯಲ್ಲಿವೆ. ಬಿ.ಸಿ.ಜಿ. ಲಸಿಕೆ ಪಡೆದ ವ್ಯಕ್ತಿಯನ್ನೂ ಕ್ಷಯದ ಸೋಂಕು ತಗುಲಿದ ವ್ಯಕ್ತಿಯನ್ನೂ ಬೇರ್ಪಡಿಸಿ ಗುರುತಿಸಲು ಸಾಧ್ಯವಾದದ್ದು ಇವುಗಳ ಅತ್ಯಂತ ಮುಖ್ಯ ಪ್ರಯೋಜನ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನರು ಕ್ಷಯರೋಗಕ್ಕೆ ತುತ್ತಾದರು, ಸುಮಾರು 12.5 ಲಕ್ಷ ಜನರು ಮರಣ ಹೊಂದಿದರು. ರೋಗಿಗಳಲ್ಲಿ ಶೇ. 26ರಷ್ಟು ಮಂದಿ ಭಾರತದವರು.

ಹಿನ್ನೆಲೆ

ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಕ್ಷಯರೋಗಾಣುವಿನ ಶೋಧವನ್ನು ಬರ್ಲಿನ್‌ನಲ್ಲಿ ಪ್ರಕಟಿಸಿದನು. ಎಂಟು ವರ್ಷಗಳ ಅನಂತರ, 1890ರಲ್ಲಿ, ರೋಗಾಣುಗಳನ್ನು ಬೆಳೆಸಿದ ದ್ರವದಿಂದ ತಯಾರಿಸಿದ ಟ್ಯುಬರ್ಕ್ಯುಲಿನ್ ಎಂಬ ಸಾರವನ್ನು ಕ್ಷಯದ ಔಷಧವೆಂದು ಘೋಷಿಸಿದನು. ಔಷಧವಾಗಿ ಅದು ಸಂಪೂರ್ಣ ವಿಫಲವಾಯಿತು. ಆದರೆ ಸೋಂಕು ತಗುಲಿದವರ ಚರ್ಮದೊಳಗೆ ಅದನ್ನು ಚುಚ್ಚಿದರೆ ಆ ಜಾಗ ಊದಿಕೊಳ್ಳುತ್ತದೆಂಬ ಸಂಗತಿ ರೋಗಪತ್ತೆಗೆ ದಾರಿ ತೋರಿತು. 1930ರ ದಶಕದಲ್ಲಿ ಅಮೆರಿಕದ ಫ್ಲಾರೆನ್ಸ್ ಸೀಬರ್ಟ್ ಈ ಸಾರವನ್ನು ಶುದ್ಧೀಕರಿಸಿ ಪಿ.ಪಿ.ಡಿ. ಎಂಬ ರೂಪಕ್ಕೆ ತಂದರು. ಮುಂಗೈ ಚರ್ಮಕ್ಕೆ ಚುಚ್ಚಿ ಎರಡು ಮೂರು ದಿನಗಳ ಅನಂತರ ಊತವನ್ನು ಅಳೆಯುವ ಮಾಂಟೂ ಪರೀಕ್ಷೆಯಲ್ಲಿ ಇಂದಿಗೂ ಬಳಸುವುದು ಇದನ್ನೇ.

'ಶುದ್ಧೀಕರಿಸಿದ' ಎಂಬ ಮಾತನ್ನು ಇಲ್ಲಿ ಸ್ವಲ್ಪ ಎಚ್ಚರದಿಂದ ಗ್ರಹಿಸಬೇಕು. ಪಿ.ಪಿ.ಡಿ. ಒಂದು ಪ್ರೋಟೀನ್ ಅಲ್ಲ. ಹಲವಾರು ಪ್ರೋಟೀನುಗಳ ಮಿಶ್ರಣ. ಅವುಗಳಲ್ಲಿ ಬಹುಪಾಲು ಬಿ.ಸಿ.ಜಿ. ಲಸಿಕೆಯ ಬ್ಯಾಕ್ಟೀರಿಯಾದಲ್ಲಿಯೂ ಇವೆ. ಮಣ್ಣು ಮತ್ತು ನೀರಿನಲ್ಲಿ ವಾಸಿಸುವ ಇತರ ಮೈಕೋಬ್ಯಾಕ್ಟೀರಿಯಾಗಳಲ್ಲಿಯೂ ಇವೆ. ಹೀಗಾಗಿ ಮಾಂಟೂ ಪರೀಕ್ಷೆಯಲ್ಲಿ ತೋಳು ಊದಿಕೊಂಡಾಗ ಅದು ಕ್ಷಯದ ಸೋಂಕಿನಿಂದಲೋ, ಹುಟ್ಟಿದಾಗ ಹಾಕಿಸಿದ ಲಸಿಕೆಯಿಂದಲೋ, ಪರಿಸರದ ಬೇರಾವುದೋ ಸೂಕ್ಷ್ಮಜೀವಿಯಿಂದಲೋ ಎಂದು ಖಚಿತವಾಗಿ ಹೇಳಲಾಗದು. ಲಸಿಕೆ ಸಾರ್ವತ್ರಿಕವಾಗಿರುವ ಭಾರತದಂಥ ದೇಶದಲ್ಲಿ ಇದು ಸಣ್ಣ ತೊಡಕಲ್ಲ. ಸೋಂಕಿಲ್ಲದವರು ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗಬಹುದು. ಫಲಿತಾಂಶದ ಮೇಲಿನ ನಂಬಿಕೆಯೇ ಸಡಿಲಗೊಂಡರೆ ಸೋಂಕಿರುವವರು ಉಪೇಕ್ಷೆಗೆ ಒಳಗಾಗಬಹುದು.

ಮಿಶ್ರಣದಿಂದ ಒಂದೊಂದು ಪ್ರೋಟೀನನ್ನೇ ಬಿಡಿಸಿ ನೋಡುವ ದಾರಿ ತೆರೆದದ್ದು 1973ರ ಅನಂತರ. ಆ ವರ್ಷ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ಒಂದು ಜೀವಿಯ ಡಿ.ಎನ್.ಎ. ತುಣುಕನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸುವ ವಿಧಾನವನ್ನು ಪ್ರಕಟಿಸಿದರು. 1985ರಲ್ಲಿ ರಿಚರ್ಡ್ ಯಂಗ್, ಬ್ಯಾರಿ ಬ್ಲೂಮ್ ಮತ್ತು ಸಂಗಡಿಗರು ಕ್ಷಯರೋಗಾಣುವಿನ ಜೀನುಗಳನ್ನು ಇ-ಕೋಲಿ ಬ್ಯಾಕ್ಟೀರಿಯಾದಲ್ಲಿ ವ್ಯಕ್ತಪಡಿಸಿ, ಯಾವ ಜೀನು ಯಾವ ಪ್ರತಿಜನಕವನ್ನು ತಯಾರಿಸುತ್ತದೆಂದು ಗುರುತಿಸಿದರು. ಪ್ರತಿಜನಕವೆಂದರೆ ದೇಹದ ರೋಗನಿರೋಧಕ ವ್ಯವಸ್ಥೆ ಪರಕೀಯವೆಂದು ಗುರುತಿಸುವ ವಸ್ತು. 1998ರಲ್ಲಿ ಸ್ಟೀವರ್ಟ್ ಕೋಲ್ ಮತ್ತು ಸಂಗಡಿಗರು ಎಚ್37ಆರ್‌ವಿ ಎಂಬ ಪ್ರಯೋಗಾಲಯದ ತಳಿಯ ಸಂಪೂರ್ಣ ಜೀನೋಮನ್ನು ಪ್ರಕಟಿಸಿದರು. 44 ಲಕ್ಷಕ್ಕೂ ಹೆಚ್ಚು ಅಕ್ಷರಗಳ ಈ ಪಾಠ ಕೈಗೆ ಸಿಕ್ಕ ಮೇಲೆ ಬೇಕಾದ ಜೀನನ್ನು ಆರಿಸಿಕೊಳ್ಳುವುದು ಸುಲಭವಾಯಿತು.

ತಯಾರಿಕೆ

ಕ್ಷಯರೋಗಾಣು ಅತಿ ನಿಧಾನವಾಗಿ ಬೆಳೆಯುತ್ತದೆ. ಒಂದು ಕೋಶ ಎರಡಾಗಲು ಸುಮಾರು 20 ಗಂಟೆ ಬೇಕು. ಗಾಳಿಯ ಮೂಲಕ ಹರಡುವುದರಿಂದ ಅದನ್ನು ಬೆಳೆಸಲು ಮೂರನೆಯ ಹಂತದ ಜೈವಿಕ ಸುರಕ್ಷತೆಯುಳ್ಳ ಪ್ರಯೋಗಾಲಯ ಅಗತ್ಯ. ಇ-ಕೋಲಿಯಾದರೋ ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 20 ನಿಮಿಷಗಳಲ್ಲಿ ಇಮ್ಮಡಿಯಾಗುತ್ತದೆ. ಅದರ ಪ್ರಯೋಗಾಲಯದ ತಳಿಗಳು ನಿರಪಾಯಕಾರಿ. ಆದ್ದರಿಂದ ನೆರೆಮನೆಯ ಒಲೆಯಲ್ಲಿ ಅಡುಗೆ ಮಾಡಿಸಿಕೊಂಡಂತೆ, ಕ್ಷಯರೋಗಾಣುವಿನ ಪ್ರೋಟೀನನ್ನು ಇ-ಕೋಲಿಯಲ್ಲಿ ತಯಾರಿಸಿಕೊಳ್ಳಲಾಗುತ್ತದೆ.

ಮೊದಲು ಬೇಕಾದ ಜೀನನ್ನು ಪಿ.ಸಿ.ಆರ್. ವಿಧಾನದಿಂದ ನಕಲು ಮಾಡಿ, ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿ.ಎನ್.ಎ.ಗೆ ಜೋಡಿಸಿ, ಇ-ಕೋಲಿಯೊಳಗೆ ಸೇರಿಸುತ್ತಾರೆ. ಬ್ಯಾಕ್ಟೀರಿಯಾ ಹೇರಳವಾಗಿ ಬೆಳೆದ ಮೇಲೆ ಒಂದು ರಾಸಾಯನಿಕದ ಮೂಲಕ ಆ ಜೀನು ಕೆಲಸ ಆರಂಭಿಸುವಂತೆ ಮಾಡಲಾಗುತ್ತದೆ. ಅನಂತರ ಕೋಶಗಳನ್ನು ಒಡೆದು ಪ್ರೋಟೀನನ್ನು ಬೇರ್ಪಡಿಸಬೇಕು. ಇದಕ್ಕಾಗಿ ಪ್ರೋಟೀನಿನ ತುದಿಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಆರು ಘಟಕಗಳನ್ನು ಬಾಲದಂತೆ ಮೊದಲೇ ಜೋಡಿಸಿರುತ್ತಾರೆ. ನಿಕಲ್ ಲೋಹದ ಅಯಾನುಗಳಿರುವ ನಳಿಕೆಯ ಮೂಲಕ ಕೋಶರಸವನ್ನು ಹಾಯಿಸಿದಾಗ ಬಾಲವುಳ್ಳ ಪ್ರೋಟೀನು ಅಲ್ಲಿ ಅಂಟಿಕೊಳ್ಳುತ್ತದೆ, ಉಳಿದದ್ದು ಹರಿದುಹೋಗುತ್ತದೆ.

ಪುಸ್ತಕದಲ್ಲಿ ಸರಳವಾಗಿ ಕಾಣುವ ಈ ಕ್ರಮ ಪ್ರಯೋಗಾಲಯದಲ್ಲಿ ಹಲವು ಬಾರಿ ಕೈಕೊಡುತ್ತದೆ. ಕ್ಷಯರೋಗಾಣುವಿನ ಡಿ.ಎನ್.ಎ.ಯಲ್ಲಿ ಗ್ವಾನಿನ್ ಮತ್ತು ಸೈಟೊಸಿನ್‌ಗಳ ಪ್ರಮಾಣ ಶೇ. 65ಕ್ಕೂ ಹೆಚ್ಚು, ಇ-ಕೋಲಿಯಲ್ಲಿ ಅದು ಶೇ. 51ರ ಆಸುಪಾಸು. ಒಂದೇ ಲಿಪಿಯಾದರೂ ಬಳಕೆಯ ಪದಗಳು ಬೇರೆಯಾದುದರಿಂದ ಇ-ಕೋಲಿ ಕೆಲವು ಜೀನುಗಳನ್ನು ಓದಲು ತಡವರಿಸುತ್ತದೆ. ಅನೇಕ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳದೆ ಕರಗದ ಮುದ್ದೆಗಳಾಗಿ ಕೋಶದೊಳಗೆ ಸೇರಿಕೊಳ್ಳುತ್ತವೆ. ಆಗ ಅವನ್ನು ಯೂರಿಯಾ ದ್ರಾವಣದಲ್ಲಿ ಕರಗಿಸಿ, ಯೂರಿಯಾವನ್ನು ನಿಧಾನವಾಗಿ ತೆಗೆದು, ಮತ್ತೆ ಸ್ವರೂಪಕ್ಕೆ ಮರಳಿಸಬೇಕು. ಹೊಲಕ್ಕೆ ಹಾಕುವ ಯೂರಿಯಾವೂ ಇದೇ ರಾಸಾಯನಿಕ. ಪ್ರಯೋಗಾಲಯದ್ದು ಹೆಚ್ಚು ಶುದ್ಧವಾದದ್ದು.

ಮತ್ತೊಂದು ತೊಡಕು ಇ-ಕೋಲಿಯ ಹೊರಪೊರೆಯಲ್ಲಿರುವ ಲಿಪೊಪಾಲಿಸ್ಯಾಕರೈಡ್ ಎಂಬ ಒಳವಿಷ. ಇದರ ಅತ್ಯಲ್ಪ ಅಂಶ ಉಳಿದರೂ ಅದು ಬಿಳಿ ರಕ್ತಕಣಗಳನ್ನು ಪ್ರಚೋದಿಸುತ್ತದೆ. ಆಗ ಸಂಶೋಧಕರು ಕ್ಷಯದ ಪ್ರೋಟೀನಿನ ಪರಿಣಾಮವೆಂದು ಬಗೆದದ್ದು ವಾಸ್ತವವಾಗಿ ಇ-ಕೋಲಿಯ ಕಲ್ಮಶದ ಪರಿಣಾಮವಾಗಿರಬಹುದು. ಕುದುರೆಲಾಳದ ಏಡಿಯ ರಕ್ತದಿಂದ ಪಡೆದ ಸಾರವನ್ನು ಬಳಸಿ ಈ ಕಲ್ಮಶವನ್ನು ಅಳೆಯುವ ವಿಧಾನ ಪ್ರಸಿದ್ಧವಾಗಿದೆ.

ಕೆಲವು ಪ್ರೋಟೀನುಗಳಿಗೆ ಕ್ಷಯರೋಗಾಣು ಸಕ್ಕರೆಯ ಅಣುಗಳನ್ನು ಜೋಡಿಸುತ್ತದೆ. ಇ-ಕೋಲಿ ಹಾಗೆ ಜೋಡಿಸುವುದಿಲ್ಲ. ಅಪಾ ಎಂಬ ಪ್ರೋಟೀನಿನಲ್ಲಿ ಸಕ್ಕರೆಯಿಲ್ಲದಿದ್ದರೆ ಗಿನಿಹಂದಿಗಳ ಚರ್ಮಪರೀಕ್ಷೆಯಲ್ಲಿ ಅದರ ಶಕ್ತಿ ಬಹಳ ಕುಗ್ಗುತ್ತದೆಂದು ಕಂಡುಬಂದಿದೆ. ಇಂಥ ಪ್ರೋಟೀನುಗಳನ್ನು ಕ್ಷಯರೋಗಾಣುವಿನ ನಿರುಪದ್ರವಿ ಬಂಧುವಾದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮ್ಯಾಟಿಸ್‌ನಲ್ಲಿ ತಯಾರಿಸುವ ರೂಢಿಯಿದೆ. ಅದು ಮೂರು ನಾಲ್ಕು ಗಂಟೆಗಳಿಗೊಮ್ಮೆ ಇಮ್ಮಡಿಯಾಗುತ್ತದೆ.

ಎಲ್ಲ ಪ್ರಯೋಗಾಲಯಗಳಿಗೂ ಇಷ್ಟೆಲ್ಲ ಮಾಡಲು ಸಾಧ್ಯವಿಲ್ಲ. ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯವು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನೆರವಿನಿಂದ ಇಂಥ ಪ್ರೋಟೀನುಗಳನ್ನೂ ಪ್ಲಾಸ್ಮಿಡ್‌ಗಳನ್ನೂ ತಯಾರಿಸಿ ಸಂಶೋಧಕರಿಗೆ ಹಂಚುತ್ತಿತ್ತು. ಆ ಸಂಗ್ರಹ ಈಗ ಬಿ.ಇ.ಐ. ರಿಸೋರ್ಸಸ್ ಮೂಲಕ ದೊರೆಯುತ್ತದೆ. ಭಾರತದಲ್ಲಿ ಜೀನ್ ಸೇರ್ಪಡೆಯ ಕೆಲಸಗಳಿಗೆ 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರಲ್ಲಿ ರೂಪಿಸಿದ ನಿಯಮಗಳು ಅನ್ವಯಿಸುತ್ತವೆ.

ಲಸಿಕೆಯಲ್ಲಿ ಇಲ್ಲದ ಎರಡು ಪ್ರೋಟೀನುಗಳು

ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ 1908ರಿಂದ 1921ರವರೆಗೆ ದನಗಳ ಕ್ಷಯಾಣುವನ್ನು 230 ಬಾರಿ ಹೊಸ ಹೊಸ ಆಹಾರಕ್ಕೆ ವರ್ಗಾಯಿಸುತ್ತ ಬೆಳೆಸಿ, ರೋಗ ತರುವ ಶಕ್ತಿಯನ್ನು ಕುಂದಿಸಿ, ಬಿ.ಸಿ.ಜಿ. ಲಸಿಕೆಯನ್ನು ರೂಪಿಸಿದರು. ಆ ಅವಧಿಯಲ್ಲಿ ಅದು ಏನನ್ನು ಕಳೆದುಕೊಂಡಿತೆಂಬುದು ತಿಳಿದದ್ದು 1990ರ ದಶಕದಲ್ಲಿ. ಜೀನೋಮಿನ ಒಂದು ಭಾಗ, ಈಗ ಆರ್‌ಡಿ-1 ಎಂದು ಕರೆಯುವ ತುಣುಕು, ಎಲ್ಲ ಬಿ.ಸಿ.ಜಿ. ತಳಿಗಳಲ್ಲಿಯೂ ಕಾಣೆಯಾಗಿತ್ತು.

ಆ ತುಣುಕಿನಲ್ಲಿಯೇ ಇಸಾಟ್-6 ಮತ್ತು ಸಿಎಫ್‌ಪಿ-10 ಎಂಬ ಎರಡು ಪುಟ್ಟ ಪ್ರೋಟೀನುಗಳ ಜೀನುಗಳು ಅಕ್ಕಪಕ್ಕದಲ್ಲಿವೆ. ಮೊದಲನೆಯದರಲ್ಲಿ 95, ಎರಡನೆಯದರಲ್ಲಿ 100 ಅಮೈನೋ ಆಮ್ಲಗಳಿವೆ. ರೋಗಾಣು ಇವೆರಡನ್ನೂ ಜೋಡಿಯಾಗಿ ಹೊರಗೆ ಸ್ರವಿಸುತ್ತದೆ. ಸೋಂಕು ತಗುಲಿದವರ ಬಿಳಿ ರಕ್ತಕಣಗಳು ಇವನ್ನು ಬಲವಾಗಿ ಗುರುತಿಸುತ್ತವೆ. ಲಸಿಕೆಯಲ್ಲಿ ಇವು ಇಲ್ಲವಾದ್ದರಿಂದ ಕೇವಲ ಲಸಿಕೆ ಪಡೆದವರ ದೇಹಕ್ಕೆ ಇವುಗಳ ಪರಿಚಯವೇ ಇರುವುದಿಲ್ಲ. ಡೆನ್ಮಾರ್ಕಿನ ಪೀಟರ್ ಆ್ಯಂಡರ್ಸನ್ ಮತ್ತು ಸಂಗಡಿಗರ ಕೆಲಸದಿಂದ ಇಸಾಟ್-6 ಬೆಳಕಿಗೆ ಬಂತು.

ಇವು ಕ್ಷಯರೋಗಾಣುವಿಗೆ ಮಾತ್ರ ಸೀಮಿತವೆಂದು ಹೇಳುವುದು ಪೂರ್ಣ ಸರಿಯಲ್ಲ. ಮೈಕೋಬ್ಯಾಕ್ಟೀರಿಯಂ ಕನ್ಸಾಸಿ, ಮರೈನಂ ಮೊದಲಾದ ಕೆಲವು ಪರಿಸರವಾಸಿಗಳಲ್ಲಿಯೂ, ಇವನ್ನು ಹೋಲುವ ರೂಪದಲ್ಲಿ ಕುಷ್ಠರೋಗಾಣುವಿನಲ್ಲಿಯೂ ಇವೆ.

ಅಧ್ಯಯನಕ್ಕೆ ಒಳಪಟ್ಟ ಇತರ ಪ್ರೋಟೀನುಗಳಲ್ಲಿ ರೋಗಾಣುವಿನ ಮೇಣದಂಥ ಗೋಡೆಯನ್ನು ಕಟ್ಟಲು ನೆರವಾಗುವ ಆ್ಯಂಟಿಜೆನ್-85 ಗುಂಪಿನ ಮೂರು ಕಿಣ್ವಗಳು, ಸುಪ್ತಾವಸ್ಥೆಗೆ ಸಂಬಂಧಿಸಿದ ಎಚ್‌ಎಸ್‌ಪಿಎಕ್ಸ್ ಮತ್ತು ಕೃಷಿ ಮಾಡಿ ಬೆಳೆಸಿದ ಬ್ಯಾಕ್ಟೀರಿಯಾ ಕ್ಷಯದ್ದೇ ಎಂದು ನಿಮಿಷಗಳಲ್ಲಿ ದೃಢಪಡಿಸಲು ಬಳಸುವ ಎಂಪಿಟಿ-64 ಮುಖ್ಯವಾದವು.

ರೋಗಪತ್ತೆಯಲ್ಲಿ

ಈ ಪ್ರತಿಜನಕಗಳಿಂದ ಎರಡು ಬಗೆಯ ಪರೀಕ್ಷೆಗಳು ಹುಟ್ಟಿದವು. ಮೊದಲನೆಯದು ರಕ್ತವನ್ನು ಪ್ರತಿಜನಕಗಳೊಡನೆ 16ರಿಂದ 24 ಗಂಟೆ ಇರಿಸಿ, ಬಿಳಿ ರಕ್ತಕಣಗಳು ಬಿಡುಗಡೆ ಮಾಡುವ ಇಂಟರ್‌ಫೆರಾನ್-ಗಾಮಾವನ್ನು ಅಳೆಯುವ ಪರೀಕ್ಷೆ. ಇದರ ಪ್ರಸಿದ್ಧ ರೂಪವಾದ ಕ್ವಾಂಟಿಫೆರಾನ್‌ನಲ್ಲಿ ಇಡೀ ಪ್ರೋಟೀನುಗಳ ಬದಲು ಅವುಗಳ ಅನುಕ್ರಮವನ್ನು ಅನುಸರಿಸಿ ಸಂಶ್ಲೇಷಿಸಿದ ತುಣುಕುಗಳನ್ನು ಬಳಸುತ್ತಾರೆ. ಈ ಪರೀಕ್ಷೆಗೆ ಸುಸಜ್ಜಿತ ಪ್ರಯೋಗಾಲಯ ಬೇಕು; ವೆಚ್ಚವೂ ಹೆಚ್ಚು. ತಾಲ್ಲೂಕು ಆಸ್ಪತ್ರೆಗಳ ಮಟ್ಟದಲ್ಲಿ ಇದನ್ನು ನಡೆಸುವುದು ಕಷ್ಟ.

ಎರಡನೆಯದು ಹೊಸ ಚರ್ಮಪರೀಕ್ಷೆ. ಮಾಂಟೂ ಪರೀಕ್ಷೆಯಂತೆಯೇ ಮುಂಗೈಗೆ ಚುಚ್ಚುವುದು, ಎರಡು ಮೂರು ದಿನಗಳ ಮೇಲೆ ಊತವನ್ನು ಅಳೆಯುವುದು. ಆದರೆ ಚುಚ್ಚುವ ವಸ್ತು ಮಿಶ್ರಣವಲ್ಲ, ಪುನಃಸಂಯೋಜಿತ ಇಸಾಟ್-6 ಮತ್ತು ಸಿಎಫ್‌ಪಿ-10 ಮಾತ್ರ. ರಷ್ಯಾದ ಡಯಾಸ್ಕಿನ್‌ಟೆಸ್ಟ್, ಚೀನಾದ ಸಿ-ಟಿಎಸ್‌ಟಿ ಮತ್ತು ಡೆನ್ಮಾರ್ಕಿನಲ್ಲಿ ರೂಪುಗೊಂಡು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ತಯಾರಿಸುವ ಸೈ-ಟಿಬಿ ಈ ಬಗೆಯವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವರ್ಗದ ಪರೀಕ್ಷೆಗಳ ಬಳಕೆಗೆ ಶಿಫಾರಸು ಮಾಡಿತು. ಸೈ-ಟಿಬಿಗೆ ಭಾರತದಲ್ಲಿಯೂ ಅದೇ ವರ್ಷ ಅನುಮತಿ ದೊರೆಯಿತು. ಇದರಲ್ಲಿ ಊತ 5 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ, ಬಿ.ಸಿ.ಜಿ. ಹಾಕಿಸಿಕೊಂಡಿರಲಿ ಇಲ್ಲದಿರಲಿ, ಸೋಂಕು ಇದೆಯೆಂದು ಪರಿಗಣಿಸುತ್ತಾರೆ. ಇದರ ಪ್ರೋಟೀನುಗಳನ್ನು ಇ-ಕೋಲಿಯಲ್ಲಿ ಅಲ್ಲ, ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್‌ನಲ್ಲಿ ತಯಾರಿಸಲಾಗುತ್ತದೆ. ಹಾಲನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳ ಪೈಕಿ ಇದೂ ಒಂದು. ಮೇಲೆ ಹೇಳಿದ ಒಳವಿಷ ಇದರಲ್ಲಿಲ್ಲ.

ಈ ಯಾವ ಪರೀಕ್ಷೆಯೂ ಸುಪ್ತ ಸೋಂಕನ್ನೂ ಸಕ್ರಿಯ ರೋಗವನ್ನೂ ಬೇರ್ಪಡಿಸಲಾರದು. ಕೆಮ್ಮು, ಜ್ವರ, ತೂಕ ಇಳಿಕೆ ಇರುವವರಿಗೆ ಕಫ ಪರೀಕ್ಷೆ ಮತ್ತು ಎಕ್ಸ್-ರೇ ಬೇಕೇ ಬೇಕು.

ರಕ್ತದ ಪ್ರತಿಕಾಯ ಪರೀಕ್ಷೆಗಳ ನಿಷೇಧ

ಪುನಃಸಂಯೋಜಿತ ಪ್ರೋಟೀನುಗಳ ಇತಿಹಾಸದಲ್ಲಿ ಒಂದು ಕಹಿ ಅಧ್ಯಾಯವೂ ಇದೆ. ಇಂಥ ಪ್ರೋಟೀನುಗಳನ್ನು ಹಚ್ಚಿದ ಪಟ್ಟಿಯ ಮೇಲೆ ರೋಗಿಯ ರಕ್ತವನ್ನು ಹಾಕಿ, ಪ್ರತಿಕಾಯಗಳಿವೆಯೇ ಎಂದು ನೋಡುವ ಅಗ್ಗದ ಕಿಟ್‌ಗಳು ಭಾರತದ ಖಾಸಗಿ ಪ್ರಯೋಗಾಲಯಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದವು. ಕ್ಷಯರೋಗದಲ್ಲಿ ಪ್ರತಿಕಾಯಗಳ ಪ್ರಮಾಣ ರೋಗಿಯಿಂದ ರೋಗಿಗೆ ಬಹಳ ವ್ಯತ್ಯಾಸವಾಗುತ್ತದೆ; ರೋಗವಿದ್ದರೂ ಇಲ್ಲವೆಂದು, ಇಲ್ಲದಿದ್ದರೂ ಇದೆಯೆಂದು ಫಲಿತಾಂಶ ಬರುತ್ತಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವುಗಳನ್ನು ಬಳಸಕೂಡದೆಂದು ಸ್ಪಷ್ಟವಾಗಿ ಹೇಳಿತು. 2012ರ ಜೂನ್‌ನಲ್ಲಿ ಭಾರತ ಸರ್ಕಾರ ಇವುಗಳ ತಯಾರಿಕೆ, ಆಮದು ಮತ್ತು ಮಾರಾಟವನ್ನು ನಿಷೇಧಿಸಿತು. ಪ್ರೋಟೀನು ಶುದ್ಧವಾಗಿದ್ದ ಮಾತ್ರಕ್ಕೆ ಪರೀಕ್ಷೆ ನಂಬಲರ್ಹವಾಗುವುದಿಲ್ಲವೆಂಬುದಕ್ಕೆ ಇದನ್ನು ಉದಾಹರಣೆಯಾಗಿ ನೀಡಲಾಗುತ್ತದೆ.

ಔಷಧ ಸಂಶೋಧನೆಯಲ್ಲಿ

1950ರ ದಶಕದಿಂದ ಬಳಕೆಯಲ್ಲಿರುವ ಐಸೋನಿಯಾಜಿಡ್ ರೋಗಾಣುವನ್ನು ಹೇಗೆ ಕೊಲ್ಲುತ್ತದೆಂಬುದು ನಾಲ್ಕು ದಶಕಗಳವರೆಗೆ ಪೂರ್ಣವಾಗಿ ತಿಳಿದಿರಲಿಲ್ಲ. ಕ್ಯಾಟ್-ಜಿ ಎಂಬ ಕಿಣ್ವ ಈ ಔಷಧವನ್ನು ಸಕ್ರಿಯಗೊಳಿಸುತ್ತದೆಂದು 1992ರಲ್ಲಿಯೂ, ಅದು ಇನ್‌ಎಚ್‌ಎ ಎಂಬ ಇನ್ನೊಂದು ಕಿಣ್ವವನ್ನು ತಡೆಯುತ್ತದೆಂದು 1994ರಲ್ಲಿಯೂ ಪ್ರಕಟವಾಯಿತು. ಇನ್‌ಎಚ್‌ಎಯನ್ನು ಇ-ಕೋಲಿಯಲ್ಲಿ ತಯಾರಿಸಿ ಸ್ಫಟಿಕಗೊಳಿಸಿದಾಗ 1995ರಲ್ಲಿ ಅದರ ಆಕಾರ ತಿಳಿದುಬಂತು. ಕ್ಯಾಟ್-ಜಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಔಷಧ ನಿಷ್ಫಲವಾಗುವುದೇಕೆ ಎಂಬುದಕ್ಕೆ ಇಂಥ ಅಧ್ಯಯನಗಳಿಂದ ಉತ್ತರ ದೊರೆಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಕ್ಷೇತ್ರದಲ್ಲಿ ದೀರ್ಘಕಾಲದಿಂದ ಕೆಲಸ ಮಾಡುತ್ತಿದೆ. ಅಲ್ಲಿ ಮೈಕೋಬ್ಯಾಕ್ಟೀರಿಯಾಗಳ ಜೀವರಸಾಯನ ಅಧ್ಯಯನಕ್ಕೆ ಬುನಾದಿ ಹಾಕಿದವರು ಟಿ. ರಾಮಕೃಷ್ಣನ್. ಇಂಗ್ಲೆಂಡಿನಲ್ಲಿ ಡೊರೊತಿ ಹಾಡ್ಜ್‌ಕಿನ್ ಅವರೊಡನೆ ಇನ್ಸುಲಿನ್ ರಚನೆಯ ಮೇಲೆ ಕೆಲಸ ಮಾಡಿ ಮರಳಿದ ಎಂ. ವಿಜಯನ್, ಕೆ. ಮುನಿಯಪ್ಪ ಅವರ ಸಹಯೋಗದಲ್ಲಿ, ಕ್ಷಯರೋಗಾಣುವಿನ ರೆಕ್-ಎ ಪ್ರೋಟೀನಿನ ತ್ರಿವಿಮ ರಚನೆಯನ್ನು 2000ದಲ್ಲಿ ಪ್ರಕಟಿಸಿದರು. ಹಾನಿಗೊಂಡ ಡಿ.ಎನ್.ಎ.ಯನ್ನು ದುರಸ್ತಿ ಮಾಡುವ ಪ್ರೋಟೀನಿದು. ಇದರ ನಡುವೆ ಇರುವ ಇಂಟೀನ್ ಎಂಬ ಭಾಗ ತನ್ನನ್ನು ತಾನೇ ಕತ್ತರಿಸಿಕೊಂಡು ಹೊರಬಿದ್ದು, ಉಳಿದ ಎರಡು ತುದಿಗಳನ್ನು ಬೆಸೆಯುತ್ತದೆ. ವಿ. ನಾಗರಾಜ ಅವರ ತಂಡ ಡಿ.ಎನ್.ಎ. ಗೈರೇಸ್ ಮತ್ತು ಟೋಪೊಐಸೊಮರೇಸ್ ಕಿಣ್ವಗಳನ್ನು, ಉಮೇಶ್ ವಾರ್ಷ್ಣೇಯ ಅವರ ತಂಡ ಡಿ.ಎನ್.ಎ. ದುರಸ್ತಿಯ ಕಿಣ್ವಗಳನ್ನು ಅಧ್ಯಯನ ಮಾಡಿವೆ. ಕ್ಷಯದ ಚಿಕಿತ್ಸೆಯಲ್ಲಿ ಬಳಸುವ ಮಾಕ್ಸಿಫ್ಲಾಕ್ಸಾಸಿನ್ ಮೊದಲಾದ ಔಷಧಗಳು ಗೈರೇಸ್ ಮೇಲೆಯೇ ಎರಗುತ್ತವೆ.

ಲಸಿಕೆಯಲ್ಲಿ

ಬಿ.ಸಿ.ಜಿ. ಚಿಕ್ಕ ಮಕ್ಕಳನ್ನು ಮಿದುಳುಪೊರೆಯ ಕ್ಷಯದಂಥ ತೀವ್ರ ರೂಪಗಳಿಂದ ಕಾಪಾಡುತ್ತದೆ. ಆದರೆ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಆರಂಭವಾದ ಬೃಹತ್ ಪ್ರಯೋಗದಲ್ಲಿ ವಯಸ್ಕರ ಶ್ವಾಸಕೋಶದ ಕ್ಷಯದ ವಿರುದ್ಧ ಅದರಿಂದ ರಕ್ಷಣೆ ಕಂಡುಬರಲಿಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ನಡೆಸಿದ ಗ್ರಾಮೀಣ ಸಮೀಕ್ಷೆಗಳೂ ಈ ಪ್ರಯೋಗವೂ, ರೋಗದ ಪ್ರಮಾಣವನ್ನು ಅಳೆಯುವುದೂ ತಡೆಯುವುದೂ ಎಷ್ಟು ಕಠಿಣವೆಂಬುದನ್ನು ತೋರಿಸಿಕೊಟ್ಟವು.

ಹೊಸ ಲಸಿಕೆಗಳಲ್ಲಿ ಹೆಚ್ಚು ಮುಂದುವರಿದದ್ದು ಎಂ-72. ಕ್ಷಯರೋಗಾಣುವಿನ ಎರಡು ಪ್ರೋಟೀನುಗಳನ್ನು ಬೆಸೆದು ಒಂದಾಗಿಸಿದ ಪುನಃಸಂಯೋಜಿತ ಪ್ರೋಟೀನಿದು. ಕೀನ್ಯಾ, ದಕ್ಷಿಣ ಆಫ್ರಿಕಾ ಮತ್ತು ಜಾಂಬಿಯಾಗಳಲ್ಲಿ ಸುಪ್ತ ಸೋಂಕುಳ್ಳ ವಯಸ್ಕರ ಮೇಲೆ ನಡೆದ ಪ್ರಯೋಗದಲ್ಲಿ ಮೂರು ವರ್ಷಗಳ ಅವಧಿಯಲ್ಲಿ ಸುಮಾರು ಶೇ. 50ರಷ್ಟು ರಕ್ಷಣೆ ಕಂಡುಬಂತು. ಮೂರನೆಯ ಹಂತದ ಪ್ರಯೋಗ 2024ರಲ್ಲಿ ಆರಂಭವಾಗಿದೆ. ಆ್ಯಂಟಿಜೆನ್-85ಬಿ ಮತ್ತು ಇಸಾಟ್-6 ಒಳಗೊಂಡ ಎಚ್-56 ಎಂಬ ಲಸಿಕೆ, ಗುಣಮುಖರಾದವರಲ್ಲಿ ರೋಗ ಮರುಕಳಿಸುವುದನ್ನು ತಡೆಯಲು ವಿಫಲವಾಯಿತು. ಇಸಾಟ್-6 ಇರುವ ಲಸಿಕೆಗೆ ಇನ್ನೊಂದು ತೊಡಕೂ ಇದೆ: ಅದನ್ನು ಹಾಕಿಸಿಕೊಂಡವರಲ್ಲಿ ಹೊಸ ಚರ್ಮಪರೀಕ್ಷೆಯೂ ಮಾಂಟೂವಿನಂತೆಯೇ ಗೊಂದಲಕ್ಕೆ ಒಳಗಾಗಬಹುದು.

ಜಾನುವಾರುಗಳ ಕ್ಷಯ ಮತ್ತು ಬೀದರ್ ಪ್ರದೇಶ

ಲಸಿಕೆ ಮತ್ತು ಸೋಂಕನ್ನು ಬೇರ್ಪಡಿಸುವ ಪ್ರಶ್ನೆ ಮನುಷ್ಯರಿಗಿಂತಲೂ ಜಾನುವಾರುಗಳಲ್ಲಿ ಹೆಚ್ಚು ನಿರ್ಣಾಯಕವಾಗಿದೆ. ದನಗಳಲ್ಲಿ ಮೈಕೋಬ್ಯಾಕ್ಟೀರಿಯಂ ಬೋವಿಸ್ ಮತ್ತು ಅದರ ಸಮೀಪದ ಬಂಧುಗಳು ಕ್ಷಯವನ್ನು ಉಂಟುಮಾಡುತ್ತವೆ. ಕಾಯಿಸದ ಹಾಲಿನ ಮೂಲಕ ಅದು ಮನುಷ್ಯರಿಗೂ ತಗುಲಬಹುದು. 2018ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ ಭಾರತದ ದನಗಳಲ್ಲಿ ಶೇ. 7.3ರಷ್ಟು, ಅಂದರೆ ಎರಡು ಕೋಟಿಗೂ ಹೆಚ್ಚು, ಸೋಂಕಿತವಾಗಿರಬಹುದೆಂದು ಅಂದಾಜಿಸಿದೆ.

ಪಾಶ್ಚಾತ್ಯ ದೇಶಗಳಲ್ಲಿ ಟ್ಯುಬರ್ಕ್ಯುಲಿನ್ ಪರೀಕ್ಷೆ ಮಾಡಿ, ಸೋಂಕಿತ ದನವನ್ನು ವಧಿಸಿ, ಮಾಲೀಕನಿಗೆ ಪರಿಹಾರ ನೀಡುವ ಕ್ರಮದಿಂದ ರೋಗವನ್ನು ಹತೋಟಿಗೆ ತಂದರು. ಭಾರತದಲ್ಲಿ ಧಾರ್ಮಿಕ, ಸಾಮಾಜಿಕ ಮತ್ತು ಆರ್ಥಿಕ ಕಾರಣಗಳಿಂದ ಈ ಕ್ರಮ ಸುಲಭವಲ್ಲ. ಒಂದೆರಡು ಹಸುಗಳನ್ನೇ ನಂಬಿದ ಕುಟುಂಬಕ್ಕೆ ತಪ್ಪು ಫಲಿತಾಂಶದ ಬೆಲೆ ದೊಡ್ಡದು. ಕರುಗಳಿಗೆ ಬಿ.ಸಿ.ಜಿ. ಹಾಕುವುದು ಒಂದು ಪರ್ಯಾಯ. ಆದರೆ ಲಸಿಕೆ ಪಡೆದ ಕರು ಟ್ಯುಬರ್ಕ್ಯುಲಿನ್ ಪರೀಕ್ಷೆಯಲ್ಲಿ ಸೋಂಕಿತವೆಂದೇ ತೋರಬಹುದು. ಈ ಒಂದು ಕಾರಣದಿಂದ ದನಗಳಿಗೆ ಬಿ.ಸಿ.ಜಿ. ಹಾಕುವ ವಿಚಾರ ಬಹುಕಾಲ ಮೂಲೆಗುಂಪಾಗಿತ್ತು.

ಇದಕ್ಕೆ ಪರಿಹಾರವಾಗಿ ಇಸಾಟ್-6, ಸಿಎಫ್‌ಪಿ-10 ಮತ್ತು ಆರ್‌ವಿ-3615ಸಿ ಎಂಬ ಮೂರು ಪ್ರತಿಜನಕಗಳ ಚರ್ಮಪರೀಕ್ಷೆಯನ್ನು ರೂಪಿಸಲಾಗಿದೆ. ಮೂರನೆಯದರ ಜೀನು ಬಿ.ಸಿ.ಜಿ.ಯಲ್ಲಿಯೂ ಉಳಿದಿದೆ, ಆದರೆ ಅದನ್ನು ಹೊರಗೆ ಸ್ರವಿಸುವ ವ್ಯವಸ್ಥೆ ಆರ್‌ಡಿ-1ರೊಂದಿಗೆ ಕಳೆದುಹೋದ ಕಾರಣ ಲಸಿಕೆ ಪಡೆದ ದನದ ದೇಹ ಅದನ್ನು ಗುರುತಿಸುವುದಿಲ್ಲ. ಇಂಥ ಪರೀಕ್ಷೆಯ ಕ್ಷೇತ್ರಪ್ರಯೋಗ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2021ರಲ್ಲಿ ಆರಂಭವಾಯಿತು.

ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರ್. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳಿಗೆ ಹೊಂದಿಕೊಂಡಂತೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ದೇವಣಿ ಇದೆ. ಅದರ ಹೆಸರನ್ನೇ ಹೊತ್ತ ದೇವಣಿ ತಳಿಯ ದನಗಳು ಗಡಿಯ ಎರಡೂ ಕಡೆ ಉಳುಮೆಗೂ ಹಾಲಿಗೂ ಸಾಕಲ್ಪಡುತ್ತವೆ. ವಾನ್ನೇರ, ಬಾಲಂಕ್ಯ ಮತ್ತು ಶೇವೇರ ಎಂಬ ಮೂರು ಬಗೆಗಳಿರುವ ಈ ತಳಿ ಇಲ್ಲಿನ ಒಣಬೇಸಾಯದ ಆಧಾರಗಳಲ್ಲಿ ಒಂದು. ಆಯ್ದ ಪ್ರತಿಜನಕಗಳ ಪರೀಕ್ಷೆ ದೇಶದಲ್ಲಿ ಬಳಕೆಗೆ ಬಂದರೆ ಇಂಥ ದನಗಳಿಗೆ ಲಸಿಕೆಯನ್ನೂ ಹಾಕಬಹುದು, ಸೋಂಕಿತವಾದವನ್ನು ಪ್ರತ್ಯೇಕಿಸಿ ಕಟ್ಟಲೂಬಹುದು. ಅಲ್ಲಿಯವರೆಗೆ ಹಾಲನ್ನು ಚೆನ್ನಾಗಿ ಕಾಯಿಸಿ ಕುಡಿಯುವುದು, ಸತತವಾಗಿ ಕೆಮ್ಮುವ ಮತ್ತು ಸೊರಗುವ ದನವನ್ನು ಹಿಂಡಿನಿಂದ ಬೇರೆ ಕಟ್ಟಿ ಪಶುವೈದ್ಯರಿಗೆ ತೋರಿಸುವುದು ರೂಢಿಯಲ್ಲಿರುವ ಮುನ್ನೆಚ್ಚರಿಕೆಗಳು.